ಹೊಲ, ಹಳ್ಳ, ಗುಡ್ಡಗಳಲ್ಲಿ ಪರಿಸರ ವಿಜ್ಞಾನದ ಕ್ಷೇತ್ರ ಕೌಶಲ ಕಲಿಯುವ ಕ್ರಮ: ಗಂಗಾವತಿ–ಆನೆಗೊಂದಿ ಭಾಗದ ಹೊರಾಂಗಣ ಶಿಬಿರಕ್ಕೊಂದು ಸಮಗ್ರ ಮಾರ್ಗದರ್ಶಿ

ಪರಿಸರ ವಿಜ್ಞಾನದ ಹೊರಾಂಗಣ ಶಿಬಿರ ಮುಗಿಸಿ ಬಂದ ವಿದ್ಯಾರ್ಥಿಗಳ ಟಿಪ್ಪಣಿ ಪುಸ್ತಕ ತೆರೆದರೆ ‘ಕೆರೆ ನೀರು, ಪಿಎಚ್ 8.1’ ಎಂಬಂಥ ಸಾಲುಗಳು ಕಾಣಸಿಗುತ್ತವೆ (ಪಿಎಚ್ ಎಂದರೆ ಆಮ್ಲ–ಕ್ಷಾರ ಗುಣದ ಅಳತೆ). ಯಾವ ದಂಡೆಯಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಆಳದಲ್ಲಿ, ಯಾವ ಉಪಕರಣದಿಂದ ಅಳೆದದ್ದು ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಅಳತೆ ಸರಿಯಾಗಿಯೇ ನಡೆದಿರಬಹುದು. ಆದರೆ ಆ ಜಾಗಕ್ಕೆ ಮತ್ತೊಬ್ಬರು ಹೋಗಿ ತಾಳೆ ನೋಡಲು ಸಾಧ್ಯವಿಲ್ಲದ ಮೇಲೆ ಆ ಅಂಕಿ ಯಾರ ಉಪಯೋಗಕ್ಕೂ ಬರುವುದಿಲ್ಲ. ಮತ್ತೆ ಮತ್ತೆ ಕಾಣುವ ಈ ಸೋಲಿಗೆ ಉಪಕರಣಗಳ ಕೊರತೆ ಕಾರಣವಲ್ಲ, ಕಲಿಕೆಯ ಕ್ರಮ ತಿರುವುಮುರುವಾಗಿರುವುದು ಕಾರಣ. ಮೊದಲ ದಿನವೇ ಮೀಟರು, ಬಲೆ, ಬೈನಾಕ್ಯುಲರ್ ಕೈಗೆ ಬರುತ್ತವೆ. ನಿಂತ ಜಾಗವನ್ನು ಗುರುತಿಸುವುದನ್ನೂ ಕಂಡದ್ದನ್ನು ಬರೆಯುವುದನ್ನೂ ಕಲಿಯುವ ಹೊತ್ತಿಗೆ ಶಿಬಿರವೇ ಮುಗಿದಿರುತ್ತದೆ.

ಆದ್ದರಿಂದ ಇಲ್ಲಿ ಕೊಟ್ಟಿರುವ ಕ್ರಮದಲ್ಲಿ ಜಾಗ ಮತ್ತು ಬರವಣಿಗೆ ಮೊದಲು ಬರುತ್ತವೆ. ಮಣ್ಣು, ಗಿಡ, ನೀರು, ಪ್ರಾಣಿಗಳು ಆಮೇಲೆ. ಉದಾಹರಣೆಗಳನ್ನು ಕೊಪ್ಪಳ ಜಿಲ್ಲೆಯ ಗಂಗಾವತಿ–ಆನೆಗೊಂದಿ ಭಾಗದಿಂದ ಆರಿಸಿದೆ. ಬಂಡೆಗುಡ್ಡ, ಕುರುಚಲು ಕಾಡು, ತುಂಗಭದ್ರೆಯ ಹರಿವು, ಎಡದಂಡೆ ಕಾಲುವೆಯ ಭತ್ತದ ಗದ್ದೆ, ಮಳೆಯಾಶ್ರಿತ ಹೊಲ ಇವೆಲ್ಲ ಒಂದು ದಿನದ ಓಡಾಟದಲ್ಲಿ ಸಿಗುವುದರಿಂದ ಕಲಿಯುವವರಿಗೆ ಇದಕ್ಕಿಂತ ಅನುಕೂಲದ ಪ್ರದೇಶ ರಾಯಚೂರು, ಬಳ್ಳಾರಿ, ಕೊಪ್ಪಳ ಈ ಮೂರು ಜಿಲ್ಲೆಗಳಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಂತ 1: ಕಾಲ ಮತ್ತು ಶಿಬಿರದ ಆಯ್ಕೆ

ನವೆಂಬರಿನಿಂದ ಫೆಬ್ರುವರಿಯವರೆಗಿನ ಅವಧಿಯನ್ನು ಆರಿಸಿಕೊಳ್ಳಿ. ಮಳೆಗಾಲದ ಹುಲ್ಲು ಇನ್ನೂ ಗುರುತಿಸುವ ಸ್ಥಿತಿಯಲ್ಲಿರುತ್ತದೆ, ವಲಸೆ ಹಕ್ಕಿಗಳು ಕೆರೆಗಳಲ್ಲಿರುತ್ತವೆ, ಮಧ್ಯಾಹ್ನದ ಬಿಸಿಲನ್ನೂ ತಾಳಬಹುದು. ಏಪ್ರಿಲ್–ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿ, ಕೊಪ್ಪಳಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ಮಾಮೂಲು. ಬೇಸಿಗೆ ರಜೆ ಸಿಗುತ್ತದೆಂದು ಆ ತಿಂಗಳಲ್ಲಿ ನಡೆಸುವ ಶಿಬಿರಗಳಲ್ಲಿ ಬೆಳಗಿನ ಮೂರು ತಾಸು ಬಿಟ್ಟರೆ ಉಳಿದ ಹೊತ್ತೆಲ್ಲ ನೆರಳು ಹುಡುಕುವುದರಲ್ಲೇ ಕಳೆಯುತ್ತದೆ.

ಶುಲ್ಕ ಕಟ್ಟುವ ಮೊದಲು ಆಯೋಜಕರಿಗೆ ಮೂರು ಪ್ರಶ್ನೆ ಕೇಳಿ. ಒಬ್ಬ ಮಾರ್ಗದರ್ಶಕರಿಗೆ ಎಷ್ಟು ಶಿಬಿರಾರ್ಥಿಗಳು? ಒಂದೇ ಜಾಗಕ್ಕೆ ಎರಡನೇ ಸಲ ಕರೆದೊಯ್ಯುತ್ತೀರಾ? ಶಿಬಿರಾರ್ಥಿಗಳು ಅಳೆದ ಅಂಕಿಗಳು ಕೊನೆಗೆ ಎಲ್ಲಿಗೆ ಹೋಗುತ್ತವೆ? ಎಂಟು ಹತ್ತು ಜನಕ್ಕಿಂತ ಹೆಚ್ಚಿನವರನ್ನು ಒಬ್ಬರೇ ನೋಡಿಕೊಳ್ಳುವಲ್ಲಿ ಉಪಕರಣ ನಿಮ್ಮ ಕೈಗೆ ಬರುವುದು ಫೋಟೊ ತೆಗೆಸಿಕೊಳ್ಳುವುದಕ್ಕಷ್ಟೇ. ದಿನಕ್ಕೊಂದು ಹೊಸ ಸ್ಥಳ ತೋರಿಸುವ ವೇಳಾಪಟ್ಟಿ ಆಕರ್ಷಕವಾಗಿ ಕಂಡರೂ ಅದು ಪ್ರವಾಸದ ವೇಳಾಪಟ್ಟಿ. ಮೂರನೆಯ ಪ್ರಶ್ನೆಗೆ ಆಯೋಜಕರು ತಡವರಿಸಿದರೆ ಬೇರೆ ಶಿಬಿರ ಹುಡುಕಿ.

ಹಂತ 2: ಸಲಕರಣೆ ಮತ್ತು ಅನುಮತಿ

ದುಬಾರಿ ಉಪಕರಣ ಬೇಕಿಲ್ಲ. ಗಟ್ಟಿ ರಟ್ಟಿನ ಪುಸ್ತಕ, ಪೆನ್ಸಿಲು, 30 ಮೀಟರಿನ ಟೇಪು, 40 ಮೀಟರಿನಷ್ಟು ನೈಲಾನ್ ಹಗ್ಗ, ನಾಲ್ಕು ಗೂಟ, ದಿಕ್ಸೂಚಿ, ಥರ್ಮಾಮೀಟರು, ಕುರ್ಪಿ, ಪಿಎಚ್, ವಿದ್ಯುತ್ ವಾಹಕತೆ (ಕರಗಿದ ಲವಣ ಎಷ್ಟಿದೆ ಎಂಬುದರ ಸೂಚಕ) ಮತ್ತು ಕರಗಿದ ಆಮ್ಲಜನಕ ಅಳೆಯುವ ಮೀಟರುಗಳು, ಅವುಗಳನ್ನು ಹೊಂದಿಸುವ ದ್ರಾವಣ, ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್, ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಬಾಟಲಿಗಳು ಇದ್ದರೆ ಸಾಕು. ಜೆಲ್ ಪೆನ್ನು ತರಬೇಡಿ. ಬೆವರಿದ ಅಂಗೈ ತಾಗಿದರೂ ಅದರ ಅಕ್ಷರ ಕಲೆಸಿಹೋಗುತ್ತದೆ. ಫೋನಿನಲ್ಲಿ ಈ ಪ್ರದೇಶದ ನಕಾಶೆಯನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವಂತೆ ಮನೆಯಲ್ಲೇ ಇಳಿಸಿಕೊಳ್ಳಿ, ಏಕೆಂದರೆ ಗುಡ್ಡದ ಹಿಂಬದಿಯಲ್ಲಿ ಸಿಗ್ನಲ್ ಸಿಗುತ್ತದೆಂದು ನಂಬುವ ಹಾಗಿಲ್ಲ.

ಪಾದರಕ್ಷೆಯ ವಿಷಯದಲ್ಲಿ ರಾಜಿ ಬೇಡ. ರಸ್ತೆ ಬದಿ, ಕೆರೆಯಂಗಳ, ಪಾಳುಬಿದ್ದ ಹೊಲಗಳಲ್ಲೆಲ್ಲ ಹಬ್ಬಿರುವ ಬಳ್ಳಾರಿ ಜಾಲಿಯ ಮುಳ್ಳು ಚಪ್ಪಲಿಯನ್ನು ಸಲೀಸಾಗಿ ದಾಟಿ ಪಾದಕ್ಕೆ ಇಳಿಯುತ್ತದೆ. ಗಟ್ಟಿ ಅಟ್ಟೆಯ ಬೂಟು, ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಪ್ರತಿಯೊಬ್ಬರಿಗೂ ಕನಿಷ್ಠ ಮೂರು ಲೀಟರ್ ನೀರು ಕಡ್ಡಾಯ.

ಅನುಮತಿಯನ್ನು ಶಿಬಿರಕ್ಕೆ ಕೆಲವು ವಾರಗಳ ಮುಂಚೆಯೇ ಕೇಳಬೇಕು. ಅರಣ್ಯ ಪ್ರದೇಶಕ್ಕೆ ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆ ಬೇಕು. ತುಂಗಭದ್ರೆಯಲ್ಲಿ ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೊಮೀಟರ್ ಹರಿವು 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವಾಗಿರುವುದರಿಂದ ನದಿದಂಡೆಯ ಕೆಲಸಕ್ಕೂ ಇಲಾಖೆಗೆ ತಿಳಿಸಿರಬೇಕು. ಆನೆಗೊಂದಿ ಹಂಪಿ ವಿಶ್ವ ಪರಂಪರೆ ಪ್ರದೇಶದ ವ್ಯಾಪ್ತಿಗೆ ಸೇರಿದೆ. ಸ್ಮಾರಕಗಳ ಹತ್ತಿರ ಮಣ್ಣಿನ ಗುಂಡಿ ತೆಗೆಯಬಾರದು, ಡ್ರೋನ್ ಹಾರಿಸಬಾರದು. ಖಾಸಗಿ ಹೊಲಕ್ಕೆ ಹೊಲದ ಯಜಮಾನರ ಮಾತೇ ಅನುಮತಿ, ಆದರೆ ಅದನ್ನು ಕಾಲಿಡುವ ಮೊದಲು ಪಡೆಯಬೇಕು, ಸಿಕ್ಕಿಬಿದ್ದ ಮೇಲಲ್ಲ.

ಹಂತ 3: ನಿಂತ ಜಾಗವನ್ನು ಗುರುತಿಸುವುದು

ಮೊದಲ ಒಂದೂವರೆ ದಿನವನ್ನು ಇದಕ್ಕೇ ಮೀಸಲಿಡಿ. ಯಾವ ಉಪಕರಣವನ್ನೂ ಹೊರತೆಗೆಯದೆ ಬರಿಯ ನಕಾಶೆ, ದಿಕ್ಸೂಚಿ, ಫೋನು ಹಿಡಿದು ಓಡಾಡುವುದು ಅನೇಕರಿಗೆ ಬೇಸರ ತರಿಸುತ್ತದೆ. ಆ ಬೇಸರವನ್ನು ಸಹಿಸಿಕೊಳ್ಳದವರೇ ಮುಂದಿನ ಹಂತಗಳಲ್ಲಿ ಎಡವುತ್ತಾರೆ.

ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕಾಶೆಯಲ್ಲಿ ಒಂದು ಸೆಂಟಿಮೀಟರ್ ನೆಲದ ಮೇಲಿನ 500 ಮೀಟರಿಗೆ ಸಮ. ನಕಾಶೆಯನ್ನು ನೆಲದ ಮೇಲೆ ಹಾಸಿ, ಅದರ ಉತ್ತರವನ್ನು ದಿಕ್ಸೂಚಿಯ ಉತ್ತರಕ್ಕೆ ತಿರುಗಿಸಿ, ಕಣ್ಣಿಗೆ ಕಾಣುವ ಎರಡು ಗುಡ್ಡ ಇಲ್ಲವೆ ಒಂದು ಗುಡ್ಡ ಮತ್ತು ಒಂದು ಸೇತುವೆಯ ಸಹಾಯದಿಂದ ನೀವು ನಿಂತ ಬಿಂದುವನ್ನು ಗುರುತಿಸಿ. ಆಮೇಲಷ್ಟೇ ಫೋನಿನ ಜಿಪಿಎಸ್ ನೋಡಿ. ಎರಡೂ ತಾಳೆಯಾಗದಿದ್ದರೆ ಏಕೆಂದು ಹುಡುಕುವುದರಲ್ಲಿಯೇ ಕಲಿಕೆ ಇದೆ.

ಇಲ್ಲಿ ಅತಿ ಹೆಚ್ಚು ನಡೆಯುವ ತಪ್ಪು ದಶಮಾಂಶ ಡಿಗ್ರಿಯನ್ನೂ ಡಿಗ್ರಿ–ಮಿನಿಟನ್ನೂ ಕಲಸುವುದು. ಗಂಗಾವತಿಯ ಅಕ್ಷಾಂಶ ಸುಮಾರು 15.43 ಡಿಗ್ರಿ. ಅದನ್ನು ಯಾರಾದರೂ 15 ಡಿಗ್ರಿ 43 ಮಿನಿಟು ಎಂದು ಬರೆದುಕೊಂಡರೆ ಆ ಬಿಂದು ಸುಮಾರು 32 ಕಿಲೊಮೀಟರ್ ಉತ್ತರಕ್ಕೆ ಜಿಗಿಯುತ್ತದೆ, ಮತ್ತು ಅಲ್ಲಿಯೂ ಹೊಲವೇ ಇರುವುದರಿಂದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಇಡೀ ತಂಡ ದಶಮಾಂಶ ಡಿಗ್ರಿಯನ್ನೇ, ಐದು ದಶಮಾಂಶ ಸ್ಥಾನಗಳವರೆಗೆ ಬರೆಯಬೇಕೆಂದು ಮೊದಲ ದಿನವೇ ನಿಯಮ ಮಾಡಿಕೊಳ್ಳಿ. ಐದನೆಯ ಸ್ಥಾನ ಸುಮಾರು ಒಂದು ಮೀಟರನ್ನು ಸೂಚಿಸುತ್ತದೆ. ಫೋನು ತೋರಿಸುವ ನಿಖರತೆಯ ಅಂಕಿ ಹತ್ತು ಮೀಟರಿಗಿಂತ ಕೆಳಗಿಳಿಯುವವರೆಗೆ ಕಾಯಿರಿ, ಆ ಅಂಕಿಯನ್ನೂ ಬರೆದಿಡಿ. ಆನೆಗೊಂದಿಯ ಹೆಬ್ಬಂಡೆಗಳ ಸಂದಿನಲ್ಲಿ ಆಕಾಶ ಕಿರಿದಾಗುವುದರಿಂದ ಬಯಲಿನಲ್ಲಿ ಸಿಗುವಷ್ಟು ನಿಖರತೆ ಸಿಗುವುದಿಲ್ಲ.

ದಿಕ್ಸೂಚಿಯನ್ನು ಫೋನು, ವಾಹನ, ವಿದ್ಯುತ್ ತಂತಿಗಳಿಂದ ದೂರ ಹಿಡಿಯಬೇಕು. ಇದೇ ಅಭ್ಯಾಸವನ್ನು ಸಂಡೂರಿನ ಬೆಟ್ಟಗಳಲ್ಲಿ ಮಾಡುವವರು ಇನ್ನೂ ಎಚ್ಚರ ವಹಿಸಬೇಕು; ಕಬ್ಬಿಣದ ಅದಿರಿನ ಪದರಗಳ ಮೇಲೆ ಮುಳ್ಳು ಉತ್ತರದಿಂದ ಸರಿಯುವ ಸಾಧ್ಯತೆ ಇದೆ.

ಹೆಜ್ಜೆಯ ಅಳತೆಯನ್ನೂ ಇದೇ ದಿನ ಕಲಿಯಿರಿ. ಟೇಪಿನಿಂದ 100 ಮೀಟರ್ ಗುರುತಿಸಿ, ಮಾಮೂಲು ನಡಿಗೆಯಲ್ಲಿ ಬಲಗಾಲು ಎಷ್ಟು ಸಲ ನೆಲ ಮುಟ್ಟಿತೆಂದು ಎಣಿಸಿ, ಮೂರು ಸಲದ ಸರಾಸರಿಯನ್ನು ಪುಸ್ತಕದ ಒಳರಟ್ಟಿನ ಮೇಲೆ ಬರೆದುಕೊಳ್ಳಿ. ಉಳುಮೆಯಾದ ಹೊಲದಲ್ಲೂ ಏರಿನಲ್ಲೂ ಹೆಜ್ಜೆ ಗಿಡ್ಡವಾಗುವುದರಿಂದ ಅಲ್ಲಿಗೆ ಬೇರೆ ಸರಾಸರಿ ಬೇಕು.

ಹಂತ 4: ಟಿಪ್ಪಣಿ ಪುಸ್ತಕ

ಪುಸ್ತಕದ ಪ್ರತಿ ಪುಟಕ್ಕೂ ಮೊದಲೇ ಸಂಖ್ಯೆ ಹಾಕಿ. ಎಡಪುಟದಲ್ಲಿ ಅಂಕಿ, ಬಲಪುಟದಲ್ಲಿ ಚಿತ್ರ ಮತ್ತು ವಿವರಣೆ ಎಂದು ವಿಂಗಡಿಸಿಕೊಂಡರೆ ಸಂಜೆ ಹುಡುಕುವ ಕೆಲಸ ತಪ್ಪುತ್ತದೆ. ಪ್ರತಿ ಜಾಗದ ದಾಖಲೆಯೂ ಒಂದೇ ಕ್ರಮದಲ್ಲಿ ಬರಲಿ: ದಿನಾಂಕ, ಆರಂಭ ಮತ್ತು ಮುಗಿದ ಹೊತ್ತು, ಜಾಗ, ಹವೆ, ಅಳೆದವರು, ಬರೆದವರು, ಆಮೇಲೆ ಅಳತೆ. ಮಾದರಿಗೆ ಕಾಲುವೆಯೊಂದರ ದಾಖಲೆ ಹೀಗಿರಬಹುದು:

“ಜಾಗ 3. ಬೆಳಿಗ್ಗೆ 7:10ರಿಂದ 7:55. ಉಪಕಾಲುವೆಯ ಎಡದಂಡೆ, ಸೇತುವೆಯಿಂದ ಹರಿವಿನ ದಿಕ್ಕಿಗೆ 62 ಮೀಟರ್, ಒಂಟಿ ಬೇವಿನ ಮರದಿಂದ ನೈಋತ್ಯಕ್ಕೆ 14 ಮೀಟರ್. ಜಿಪಿಎಸ್ ನಿಖರತೆ 6 ಮೀಟರ್. ಮೋಡವಿಲ್ಲ, ಗಾಳಿ ಮಂದ, ಮೂರು ದಿನಗಳಿಂದ ಮಳೆಯಿಲ್ಲ. ನೀರಿನ ಉಷ್ಣತೆ 24.5. ಪಿಎಚ್ 8.1, 8.1, 8.2; ಮೀಟರನ್ನು 6:30ಕ್ಕೆ 7 ಮತ್ತು 10ರ ದ್ರಾವಣಗಳಲ್ಲಿ ಹೊಂದಿಸಲಾಗಿದೆ. ಎದುರು ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದರು. ನೀರುನಾಯಿಗಾಗಿ 20 ನಿಮಿಷ ನೋಡಿದ್ದು, 0.”

ಕೊನೆಯ ಸೊನ್ನೆಯನ್ನು ಗಮನಿಸಿ. ನೋಡಿದರೂ ಕಾಣಲಿಲ್ಲ ಎಂಬುದಕ್ಕೂ ನೋಡಲೇ ಇಲ್ಲ ಎಂಬುದಕ್ಕೂ ಅಜಗಜಾಂತರವಿದೆ. ನೋಡಿ ಕಾಣದಿದ್ದರೆ ಸೊನ್ನೆ ಬರೆಯಬೇಕು, ನೋಡದಿದ್ದರೆ ಗೆರೆ ಎಳೆಯಬೇಕು. ಖಾಲಿ ಬಿಟ್ಟ ಜಾಗವನ್ನು ಆರು ತಿಂಗಳ ನಂತರ ಬರೆದವರೇ ಓದಲಾರರು.

ಬಟ್ಟೆ ಒಗೆಯುತ್ತಿದ್ದರು ಎಂಬುದು ಕಂಡದ್ದು. ಸಾಬೂನಿನಿಂದ ನೀರು ಕೆಟ್ಟಿದೆ ಎಂಬುದು ಊಹೆ. ಊಹೆಯನ್ನು ಬರೆಯಬಾರದೆಂದಲ್ಲ, ಬಲಪುಟದಲ್ಲಿ ‘ಊಹೆ’ ಎಂಬ ಗುರುತಿನೊಡನೆ ಬರೆಯಬೇಕು. ತಪ್ಪಿದ ಅಂಕಿಯನ್ನು ರಬ್ಬರಿನಿಂದ ಅಳಿಸದೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಿರಿ, ಏಕೆಂದರೆ ಎಷ್ಟೋ ಸಲ ಮೊದಲ ಅಂಕಿಯೇ ಸರಿಯಾಗಿರುತ್ತದೆ. ಸಂಜೆ ಅಂದವಾಗಿ ನಕಲು ಮಾಡುತ್ತೇನೆಂದು ಹೊಲದಲ್ಲಿ ಚೀಟಿಯ ಮೇಲೆ ಗೀಚುವ ಚಾಳಿಯನ್ನು ಮಾರ್ಗದರ್ಶಕರು ಮೊದಲ ದಿನವೇ ನಿಲ್ಲಿಸಬೇಕು.

ಎಚ್ಚರಿಕೆಯ ಲಕ್ಷಣ: ಮೂರು ಸಲದ ಅಳತೆಯೂ ಎಲ್ಲೆಡೆ ಒಂದೇ ಬಂದಿದ್ದರೆ, ಅಥವಾ ಎಲ್ಲ ಅಂಕಿಗಳೂ 0 ಮತ್ತು 5ರಲ್ಲಿ ಮುಗಿಯುತ್ತಿದ್ದರೆ, ಯಾರೋ ಅಳೆಯದೆ ಅಂದಾಜಿನ ಮೇಲೆ ತುಂಬಿರಬಹುದು.

ಹಂತ 5: ಮಣ್ಣು

ಎರೆ (ಕಪ್ಪು ಮಣ್ಣು), ಮಸಾರಿ (ಕೆಂಪು ಮಣ್ಣು) ಎರಡೂ ಹತ್ತಿರ ಹತ್ತಿರ ಸಿಗುವ ನಾಡಿದು. ಬಣ್ಣ ನೋಡಿ ಹೆಸರು ಹೇಳುವುದು ಊರಿನ ಮಕ್ಕಳಿಗೂ ಗೊತ್ತು. ಕಲಿಯಬೇಕಾದದ್ದು ಬೆರಳಿನಿಂದ ಓದುವುದು. ಹಿಡಿ ಮಣ್ಣಿನಿಂದ ಎರಡು ಮಿಲಿಮೀಟರಿಗಿಂತ ದೊಡ್ಡ ಹರಳುಗಳನ್ನು ತೆಗೆದು, ಹನಿಹನಿಯಾಗಿ ನೀರು ಬೆರೆಸಿ, ಅಂಗೈಗೆ ಮೆತ್ತದಷ್ಟು ಹದಕ್ಕೆ ನಾದಿ ಉಂಡೆ ಮಾಡಿ. ಆ ಉಂಡೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತುತ್ತ ಪಟ್ಟಿಯಾಗಿ ಹೊರತಳ್ಳಿ. ಉಂಡೆಯೇ ನಿಲ್ಲದಿದ್ದರೆ ಅದು ಮರಳು. ಪಟ್ಟಿ ಎರಡೂವರೆ ಸೆಂಟಿಮೀಟರಿಗೆ ಮುಂಚೆಯೇ ತುಂಡಾದರೆ ಗೋಡು, ಎರಡೂವರೆಯಿಂದ ಐದರ ನಡುವೆ ತುಂಡಾದರೆ ಜೇಡಿಗೋಡು, ಐದನ್ನು ದಾಟಿ ಜೋತುಬಿದ್ದರೆ ಜೇಡಿ. ಗಂಗಾವತಿಯ ಗದ್ದೆಯ ಎರೆ ಸುಲಭವಾಗಿ ಐದನ್ನು ದಾಟುತ್ತದೆ. ನೀರು ಹೆಚ್ಚಾಗಿ ಬೆರೆತರೆ ಎಲ್ಲ ಮಣ್ಣೂ ಜೇಡಿಯಂತೆ ವರ್ತಿಸುವುದರಿಂದ ಹದದ ವಿಷಯದಲ್ಲಿ ಅವಸರ ಬೇಡ.

ಮಾದರಿ ತೆಗೆಯುವಾಗ ಬದು, ತಿಪ್ಪೆ, ಮರದ ನೆರಳು, ಗೊಬ್ಬರ ಸುರಿದ ಜಾಗ, ಕಾಲುದಾರಿಗಳನ್ನು ಬಿಟ್ಟು, ಹೊಲದಲ್ಲಿ ಅಡ್ಡಾದಿಡ್ಡಿ ಸಾಗುತ್ತ ಎಂಟು ಹತ್ತು ಕಡೆ 15 ಸೆಂಟಿಮೀಟರ್ ಆಳದ ತಗ್ಗು ತೆಗೆದು, ತಗ್ಗಿನ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಹೋಳು ಕೆತ್ತಿಕೊಳ್ಳಬೇಕು. ಎಲ್ಲವನ್ನೂ ಬೆರೆಸಿ ವೃತ್ತವಾಗಿ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಎಸೆಯುತ್ತ ಅರ್ಧ ಕೆ.ಜಿ. ಉಳಿಯುವವರೆಗೆ ಮುಂದುವರಿಸಿ.

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು–ಜವಳು ಅರ್ಥವಾಗದೆ ಮಣ್ಣಿನ ಪಾಠ ಮುಗಿಯುವುದಿಲ್ಲ. ಕಾಲುವೆ ನೀರು ವರ್ಷಾನುಗಟ್ಟಲೆ ನಿಂತು, ಬಸಿದುಹೋಗಲು ದಾರಿಯಿಲ್ಲದೆ ಅಂತರ್ಜಲ ಮೇಲೇರಿದ ಕಡೆ, ಬಿಸಿಲಿಗೆ ನೀರು ಆವಿಯಾಗಿ ಲವಣ ಮೇಲ್ಪದರದಲ್ಲಿ ಉಳಿಯುತ್ತದೆ. ತಗ್ಗಿನ ಹೊಲಗಳಲ್ಲಿ ಬಿಳಿ ಪುಡಿಯಂತೆ ಕಾಣುವುದು ಅದೇ. ಮಣ್ಣು ಮತ್ತು ನೀರನ್ನು 1:2 ಪ್ರಮಾಣದಲ್ಲಿ ಕಲಕಿ ವಾಹಕತೆ ಅಳೆದು, ಆ ಅಂಕಿಯನ್ನು ಪುಸ್ತಕಗಳಲ್ಲಿರುವ ‘ಮೀಟರಿಗೆ 4 ಡೆಸಿಸೀಮೆನ್ಸ್’ ಎಂಬ ಮಿತಿಗೆ ಹೋಲಿಸಿ ‘ಈ ಹೊಲ ಚೆನ್ನಾಗಿದೆ’ ಎಂದು ತೀರ್ಮಾನಿಸುವುದು ಬಲು ಸಾಮಾನ್ಯ ತಪ್ಪು. ಆ ಮಿತಿ ನೀರು ಕುಡಿದು ಕೆಸರಾದ ಮಣ್ಣಿನಿಂದ ಹೀರಿ ತೆಗೆದ ದ್ರವಕ್ಕೆ ಸಂಬಂಧಿಸಿದ್ದು. ಎರಡು ಪಾಲು ನೀರು ಬೆರೆಸಿದಾಗ ಲವಣ ತೆಳುವಾಗಿ ಅಂಕಿ ಬಹಳ ಕೆಳಗೆ ಬರುತ್ತದೆ. ಯಾವ ವಿಧಾನದಿಂದ ಅಳೆದಿರೆಂದು ಪಕ್ಕದಲ್ಲೇ ಬರೆಯಿರಿ, ಒಂದೇ ವಿಧಾನದ ಅಂಕಿಗಳನ್ನಷ್ಟೇ ಪರಸ್ಪರ ಹೋಲಿಸಿ. ಕಾಲುವೆಯ ಮೇಲ್ಭಾಗದ ಹೊಲ, ನಡುವಿನ ಹೊಲ, ಬಸಿಗಾಲುವೆಯ ಪಕ್ಕದ ಹೊಲ ಈ ಮೂರನ್ನು ಒಂದೇ ಬೆಳಿಗ್ಗೆ ಅಳೆದರೆ ಈ ಹಂತದ ಅಭ್ಯಾಸ ಪೂರ್ಣವಾಗುತ್ತದೆ.

ಹಂತ 6: ಗಿಡಮರ

ಹಗ್ಗ, ಗೂಟಗಳಿಂದ ಚೌಕ ಹಾಕಿ ಅದರೊಳಗಿನ ಗಿಡಗಳನ್ನು ಎಣಿಸಬೇಕು. ಹುಲ್ಲು ಮತ್ತು ಸಣ್ಣ ಗಿಡಕ್ಕೆ ಒಂದು ಮೀಟರಿನ ಚೌಕ, ಪೊದೆಗೆ ಐದು ಮೀಟರಿನದು, ಮರಕ್ಕೆ ಹತ್ತು ಮೀಟರಿನದು. ಹತ್ತು ಮೀಟರಿನ ಚೌಕ ಹೆಚ್ಚುಕಡಿಮೆ ಒಂದು ಗುಂಟೆಗೆ ಸಮವಾದ್ದರಿಂದ ಹೊಲದವರಿಗೆ ವಿವರಿಸಲು ಕಷ್ಟವಿಲ್ಲ. ನಾಲ್ಕು ಬದಿ ಸಮನಾದ ಮಾತ್ರಕ್ಕೆ ಚೌಕವಾಗುವುದಿಲ್ಲ; ಕರ್ಣ 14.14 ಮೀಟರ್ ಬಂದಿದೆಯೇ ನೋಡಿ. ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ತಾಗಿಸಿ ಎಳೆಯದೆ ಮಟ್ಟವಾಗಿ ಹಿಡಿಯಬೇಕು. 30 ಡಿಗ್ರಿ ಇಳಿಜಾರಿನ ಮೇಲೆ ಹಾಸಿ ಅಳೆದ ಹತ್ತು ಮೀಟರ್ ನಕಾಶೆಯ ಮೇಲೆ 8.66 ಮೀಟರ್ ಮಾತ್ರ.

ಚೌಕ ಎಲ್ಲಿ ಬೀಳಬೇಕೆಂಬುದನ್ನು ಕಣ್ಣಿಗೆ ಬಿಡಬಾರದು. ಕಣ್ಣು ಹಸಿರು ದಟ್ಟವಾಗಿರುವಲ್ಲಿಗೇ ಹೋಗುತ್ತದೆ, ಬೋಳು ಬಂಡೆ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಮೊದಲೇ ಚೀಟಿ ಎತ್ತಿ ದೂರ ಮತ್ತು ದಿಕ್ಕು ನಿಗದಿ ಮಾಡಿಕೊಳ್ಳಿ. ಚೀಟಿ ಚೌಕವನ್ನು ಬಂಡೆಯ ಮೇಲೆ ಬೀಳಿಸಿದರೆ ‘ಬಂಡೆ ಶೇಕಡಾ 90’ ಎಂದೇ ಬರೆಯಬೇಕು, ಆನೆಗೊಂದಿಯ ಗುಡ್ಡ ಇರುವುದೇ ಹಾಗೆ. ಅಂಚಿನ ಮೇಲೆ ನಿಂತ ಗಿಡಗಳನ್ನು ಎಡ ಮತ್ತು ಕೆಳ ಅಂಚಿನಲ್ಲಿದ್ದರೆ ಸೇರಿಸಿ, ಉಳಿದೆರಡು ಅಂಚಿನಲ್ಲಿದ್ದರೆ ಬಿಡಿ. ಎಲ್ಲವನ್ನೂ ಸೇರಿಸಿದರೆ ಎಣಿಕೆ ಉಬ್ಬುತ್ತದೆ.

ಮರದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಏರಿನ ಬದಿಯಲ್ಲಿ ನಿಂತು ಅಳೆಯುವುದು ನಮ್ಮಲ್ಲಿನ ರೂಢಿ. ಸುತ್ತಳತೆಯನ್ನೇ ವ್ಯಾಸವೆಂದು ಬರೆದರೆ ಮರ ಮೂರು ಪಟ್ಟು ದಪ್ಪವಾಗುತ್ತದೆ, 3.14ರಿಂದ ಭಾಗಿಸಿ. ಬಳ್ಳಾರಿ ಜಾಲಿ ಬುಡದಲ್ಲೇ ನಾಲ್ಕಾರು ಕವಲೊಡೆಯುವುದರಿಂದ ಪ್ರತಿ ಕವಲನ್ನೂ ಬೇರೆಯಾಗಿ ಅಳೆದು, ಎಲ್ಲವೂ ಒಂದೇ ಗಿಡದ್ದೆಂದು ಕೊಂಡಿ ಹಾಕಿ ತೋರಿಸಬೇಕು. ಹೆಸರು ಗೊತ್ತಿಲ್ಲದ ಗಿಡಕ್ಕೆ ‘ಅ-1’, ‘ಅ-2’ ಎಂದು ಗುರುತು ಕೊಟ್ಟು ಎಲೆಯ ಎರಡೂ ಮುಖ, ಹೂ, ಕಾಯಿ, ತೊಗಟೆಗಳ ಚಿತ್ರ ತೆಗೆದಿಡಿ. ಊರಿನವರು ಹೇಳುವ ಕಾರೆ, ಬಾರೆ, ತಂಗಡಿ, ಕಾಂಗ್ರೆಸ್ ಕಸ ಮುಂತಾದ ಹೆಸರುಗಳನ್ನು ಅವರು ಹೇಳಿದಂತೆಯೇ ಬರೆದುಕೊಳ್ಳಿ, ವೈಜ್ಞಾನಿಕ ಹೆಸರನ್ನು ಸಂಜೆ ಹುಡುಕಬಹುದು.

ಹಂತ 7: ನೀರು

ನೀರಿನ ಕೆಲಸದಲ್ಲಿ ಕ್ರಮ ತಪ್ಪಿದರೆ ಮತ್ತೆ ಸರಿಪಡಿಸಲು ಬರುವುದಿಲ್ಲ. ಮೀಟರನ್ನು ಹೊರಡುವ ಮುನ್ನ ಹೊಂದಿಸಬೇಕು. ಈ ಭಾಗದ ನೀರು ಹೆಚ್ಚಾಗಿ ಕ್ಷಾರದ ಕಡೆ ವಾಲುವುದರಿಂದ 7 ಮತ್ತು 10ರ ದ್ರಾವಣ ಬಳಸಿ. ದಂಡೆಗೆ ಬಂದ ಕೂಡಲೇ ಉಷ್ಣತೆ, ಆಮೇಲೆ ಕರಗಿದ ಆಮ್ಲಜನಕ, ಪಿಎಚ್, ವಾಹಕತೆ ಇವನ್ನು ಅಲ್ಲಿಯೇ ಅಳೆಯಿರಿ. ಬಾಟಲಿಯಲ್ಲಿ ತುಂಬಿ ಕೋಣೆಗೆ ತಂದು ಅಳೆದ ಪಿಎಚ್ ಮತ್ತು ಆಮ್ಲಜನಕದ ಅಂಕಿಗಳು ಬಾಟಲಿಯವೇ ಹೊರತು ನದಿಯವಲ್ಲ. ಪ್ರಯೋಗಾಲಯಕ್ಕೆ ಕಳಿಸುವ ಮಾದರಿ ತುಂಬುವುದು ಕೊನೆಗೆ.

ಮಾದರಿ ತುಂಬುವಾಗ ಹರಿವಿಗೆ ಎದುರಾಗಿ ನಿಂತು, ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ಮುಚ್ಚಿದ ಬಾಯಿಯನ್ನು ಒಂದು ಗೇಣು ಆಳದಲ್ಲಿ ತೆರೆದು ತುಂಬಿಸಿ ಅಲ್ಲಿಯೇ ಮುಚ್ಚಿ. ಬ್ಯಾಕ್ಟೀರಿಯಾ ಪರೀಕ್ಷೆಯ ಕ್ರಿಮಿಶುದ್ಧ ಬಾಟಲಿಯನ್ನು ಮಾತ್ರ ತೊಳೆಯಬಾರದು. ಕೊಳವೆಬಾವಿಯಾದರೆ ಪಂಪು ಹತ್ತು ನಿಮಿಷ ಓಡಿದ ಮೇಲೆ ಬರುವ ನೀರು ಹಿಡಿಯಬೇಕು, ಅದಕ್ಕೆ ಮೊದಲು ಬರುವುದು ಪೈಪಿನಲ್ಲಿ ನಿಂತ ನೀರು.

ಕೊಪ್ಪಳ, ರಾಯಚೂರು ಜಿಲ್ಲೆಗಳ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕ ಮಿತಿ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಫ್ಲೋರೈಡಿಗೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲದ ಕಾರಣ ನಾಲಿಗೆಯ ಮೇಲೆ ಭರವಸೆ ಇಡಬೇಡಿ, ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಘನವಸ್ತು) ಮೀಟರಿನ ಮೇಲೂ ಇಡಬೇಡಿ. ಆ ಮೀಟರು ಅಳೆಯುವುದು ವಾಹಕತೆಯನ್ನು, ಅದನ್ನು 0.5ರಿಂದ 0.7ರ ನಡುವಿನ ಯಾವುದೋ ಗುಣಾಂಕದಿಂದ ಗುಣಿಸಿ ತೋರಿಸುತ್ತದೆ. ಎರಡು ಕಂಪನಿಗಳ ಮೀಟರು ಒಂದೇ ನೀರಿಗೆ ಬೇರೆ ಬೇರೆ ಅಂಕಿ ಕೊಡುವುದು ಈ ಕಾರಣಕ್ಕೆ. ಆದ್ದರಿಂದ ವಾಹಕತೆಯನ್ನೇ ಬರೆಯಿರಿ. ಫ್ಲೋರೈಡ್ ಪರೀಕ್ಷೆಗೆ ಕಳಿಸುವ ನೀರನ್ನು ಗಾಜಿನ ಬಾಟಲಿಯಲ್ಲಿ ತುಂಬದೆ ಪ್ಲಾಸ್ಟಿಕ್ಕಿನದರಲ್ಲಿ ತುಂಬಬೇಕು.

ಹೊತ್ತಿನ ಮಹತ್ವವನ್ನು ತಿಳಿಯಲು ಪಾಚಿಗಟ್ಟಿದ ಒಂದು ಕೆರೆಯನ್ನು ಬೆಳಿಗ್ಗೆ ಆರಕ್ಕೂ ಮಧ್ಯಾಹ್ನ ಮೂರಕ್ಕೂ ಅಳೆಯಿರಿ. ದ್ಯುತಿಸಂಶ್ಲೇಷಣೆಯಿಂದ ಪಾಚಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಆಮ್ಲಜನಕ ಬಿಡುವುದರಿಂದ ಮಧ್ಯಾಹ್ನ ಪಿಎಚ್, ಆಮ್ಲಜನಕ ಎರಡೂ ಅಂಕಿಗಳು ಮೇಲೇರಿರುತ್ತವೆ. 25 ಡಿಗ್ರಿಯಲ್ಲಿ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 8.2 ಮಿಲಿಗ್ರಾಂ, ಮಧ್ಯಾಹ್ನ ಮೀಟರು 12 ತೋರಿಸಿದರೆ ಅದು ಕೆಟ್ಟಿದೆ ಎಂದು ಎಸೆಯುವ ಮುನ್ನ ನೀರಿನ ಬಣ್ಣ ನೋಡಿ. ಬೆಳಿಗ್ಗೆ ಒಂದು ಕೆರೆ, ಮಧ್ಯಾಹ್ನ ಇನ್ನೊಂದು ಕೆರೆ ಅಳೆದು ‘ಎರಡನೆಯದು ಶುದ್ಧ’ ಎಂದು ವರದಿ ಬರೆಯುವವರು ಎಡವುವುದು ಇಲ್ಲಿಯೇ.

ಹಂತ 8: ಪ್ರಾಣಿ, ಪಕ್ಷಿ

ಹಕ್ಕಿ ಎಣಿಕೆಗೆ ಸೂರ್ಯೋದಯದ ನಂತರದ ಎರಡು ಗಂಟೆ ಸಾಕು. ನಿಗದಿಯಾದ ಬಿಂದುವಿನಲ್ಲಿ ಎರಡು ನಿಮಿಷ ಸುಮ್ಮನೆ ನಿಂತು, ನಿಮ್ಮ ಬರವಿನಿಂದ ಬೆದರಿದವು ಮರಳಿದ ಮೇಲೆ ಹತ್ತು ನಿಮಿಷ ಎಣಿಸಿ. 50 ಮೀಟರ್ ಒಳಗಿನವು, ಹೊರಗಿನವು, ಮೇಲೆ ಹಾರಿಹೋದವು ಎಂದು ಮೂರು ಕಾಲಂ ಇರಲಿ. ಗಡಿಯಾರ ನೋಡುವುದು ಒಬ್ಬರ ಕೆಲಸ, ಬರೆಯುವುದು ಇನ್ನೊಬ್ಬರದು. ಅಪರೂಪದ ಹಕ್ಕಿ ಕಂಡಿತೆಂದು ಹತ್ತು ನಿಮಿಷವನ್ನು ಇಪ್ಪತ್ತಕ್ಕೆ ಎಳೆದರೆ ಆ ಬಿಂದುವಿನ ಲೆಕ್ಕ ಉಳಿದವುಗಳ ಜೊತೆ ಕೂಡುವುದಿಲ್ಲ.

ಪ್ರಾಣಿಗಳನ್ನು ನೋಡುವುದಕ್ಕಿಂತ ಅವು ಬಿಟ್ಟುಹೋದ ಗುರುತು ಓದುವುದು ಹೆಚ್ಚು ಫಲ ಕೊಡುತ್ತದೆ. ನದಿಯಂಚಿನ ಚಪ್ಪಟೆ ಬಂಡೆಯ ಮೇಲೆ ಮೀನಿನ ಹುರುಪೆ, ಮೂಳೆಚೂರು ತುಂಬಿದ, ಮೀನಿನ ವಾಸನೆಯ ಹಿಕ್ಕೆಗಳು ಒಂದೇ ಕಡೆ ರಾಶಿಯಾಗಿದ್ದರೆ ಅದು ನೀರುನಾಯಿಗಳು ಪದೇ ಪದೇ ಬರುವ ಜಾಗ. ಗುಡ್ಡದ ಮೇಲೆ ಬಾರೆ ಬೀಜ, ಗೆದ್ದಲಿನ ತುಣುಕು ಇರುವ ದೊಡ್ಡ ಹಿಕ್ಕೆ, ಕೆದಕಿದ ಹುತ್ತ ಕಂಡರೆ ಕರಡಿ ಓಡಾಡಿದೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ನೇರ ಮೇಲಿನಿಂದ ಚಿತ್ರ ತೆಗೆಯಿರಿ, ಬರಿಗೈಯಲ್ಲಿ ಮುಟ್ಟಬೇಡಿ, ಎತ್ತಿಕೊಂಡು ಬರಬೇಡಿ. ಹಿಕ್ಕೆ ಹಸಿಯಾಗಿದ್ದರೆ ಚಿತ್ರವನ್ನೂ ಬಿಟ್ಟು ಬಂದ ದಾರಿಯಲ್ಲೇ ಹಿಂತಿರುಗಿ.

ಕೊಪ್ಪಳ ಜಿಲ್ಲೆಯ ಬಂಕಾಪುರದ ತೋಳ ಧಾಮದ ಕಡೆ ಹೋಗುವವರು ಇಲಾಖೆಯ ಸಿಬ್ಬಂದಿಯ ಜೊತೆಗೇ ಹೋಗಬೇಕು. ಗವಿ, ಗೂಡುಗಳ ನಿಖರ ಜಾಗವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು. ಅದು ಪುಸ್ತಕದಲ್ಲಿ ಮತ್ತು ಇಲಾಖೆಯ ಬಳಿ ಇದ್ದರೆ ಸಾಕು.

ಹಂತ 9: ಊರಿನವರನ್ನು ಕೇಳುವುದು

‘ಕಾಲುವಿ ನೀರು ನಿಮ್ಮ ಹೊಲಕ್ಕ ಬರೂದಿಲ್ಲಲ್ರೀ ಯಜಮಾನ್ರ?’ ಎಂದು ಕೇಳಿದರೆ ನಿಮಗೆ ಬೇಕಾದ ಉತ್ತರವನ್ನೇ ಅವರು ಕೊಡುತ್ತಾರೆ. ‘ಹೋದ ಬ್ಯಾಸಿಗ್ಯಾಗ ಈ ಹೊಲದಾಗ ಏನು ಬೆಳದಿದ್ರಿ?’ ಎಂದು ಕೇಳಿ ಸುಮ್ಮನಾದರೆ ನೀರು, ಸವಳು, ಸಾಲ, ಬೀಜ ಎಲ್ಲವೂ ತಾನಾಗಿ ಬರುತ್ತದೆ. ಅವರ ಮಾತನ್ನು ನಿಮ್ಮ ಪರಿಭಾಷೆಗೆ ತಿರುಗಿಸದೆ ಹೇಳಿದಂತೆ ಬರೆಯಿರಿ. ನಾಟಿ, ಕೊಯ್ಲಿನ ದಿನ ಮಾತಿಗೆ ಕೂರಿಸಬೇಡಿ. ಹೆಸರು, ಫೋನ್ ಸಂಖ್ಯೆಗಳನ್ನು ಅವರ ಒಪ್ಪಿಗೆಯಿಲ್ಲದೆ ದಾಖಲಿಸಬೇಡಿ.

ಕೆಲಸ ನಿಲ್ಲಿಸಬೇಕಾದ ಸೂಚನೆಗಳು

ಆನೆಗೊಂದಿಯ ಗುಡ್ಡಗಳಲ್ಲಿ ಚಿರತೆ, ಕರಡಿ ಎರಡೂ ಇವೆ; ಚಿರತೆ ದಾಳಿಯಲ್ಲಿ ಇಲ್ಲಿ ಜೀವ ಹೋಗಿರುವುದೂ ಉಂಟು. ನಸುಕು ಮತ್ತು ಮುಸ್ಸಂಜೆಯಲ್ಲಿ ಒಂಟಿಯಾಗಿ ಬಂಡೆಗಳ ಸಂದಿಗೆ ಹೋಗಬೇಡಿ, ನಾಲ್ವರಿಗಿಂತ ಕಡಿಮೆ ಇದ್ದರೆ ಗುಡ್ಡದ ಕೆಲಸವನ್ನು ಮುಂದೂಡಿ. ಬಂಡೆಯ ಚಾಚಿನ ಕೆಳಗೆ ಹೆಜ್ಜೇನು ಕಟ್ಟಿದ್ದರೆ ಸುಗಂಧ ಬಳಿದುಕೊಂಡವರು, ಬೀಡಿ ಸೇದುವವರು ಹತ್ತಿರ ಸುಳಿಯಬಾರದು.

ತುಂಗಭದ್ರೆಯಲ್ಲಿ ಮೊಸಳೆಗಳಿವೆ, ಬಂಡೆಗಳ ನಡುವೆ ಮೇಲೆ ಕಾಣದ ಸೆಳವಿದೆ, ಮತ್ತು ಅಣೆಕಟ್ಟಿನಿಂದ ನೀರು ಬಿಟ್ಟಾಗ ದಂಡೆ ಕಾಲಕೆಳಗೇ ಕಿರಿದಾಗುತ್ತದೆ. ನೀರಿಗಿಳಿಯದೆ ಕೋಲಿಗೆ ಬಾಟಲಿ ಕಟ್ಟಿ ಮಾದರಿ ತೆಗೆಯಿರಿ. ಒದ್ದೆಯಾಗಿದ್ದ ಬಂಡೆಯ ಗೆರೆ ಮುಳುಗತೊಡಗಿದರೆ ಉಪಕರಣ ಬಿಟ್ಟಾದರೂ ಮೇಲೆ ಬನ್ನಿ. ಹರಿಗೋಲು ಹತ್ತುವುದಾದರೆ ಅಂಬಿಗರ ಮಾತು ಅಂತಿಮ, ಲೈಫ್ ಜಾಕೆಟ್ ಇಲ್ಲದೆ ಹತ್ತಬಾರದು.

ಬಿಸಿಲಿನಲ್ಲಿ ತಲೆನೋವು, ಗಾಢ ಹಳದಿ ಮೂತ್ರ, ಸ್ನಾಯು ಸೆಳೆತ ಕಂಡರೆ ನೆರಳು, ಓಆರ್‌ಎಸ್, ವಿಶ್ರಾಂತಿ. ಮಾತು ತೊದಲಿದರೆ ಅಥವಾ ಗಲಿಬಿಲಿ ಕಂಡರೆ ಮೈಗೆಲ್ಲ ನೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಅಂಗವನ್ನು ಅಲುಗದಂತೆ ಇರಿಸಿ ವಿಷನಿರೋಧಕ ಔಷಧ ಇರುವ ತಾಲ್ಲೂಕು ಆಸ್ಪತ್ರೆಗೆ ಸಾಗಿಸಿ. ಔಷಧ ಎಲ್ಲಿದೆ ಎಂದು ಶಿಬಿರದ ಹಿಂದಿನ ದಿನವೇ ವಿಚಾರಿಸಿಟ್ಟುಕೊಳ್ಳುವುದು ಆಯೋಜಕರ ಹೊಣೆ.

ಹಂತ 10: ಸಂಜೆಯ ಕೆಲಸ ಮತ್ತು ಮರುಭೇಟಿ ಪರೀಕ್ಷೆ

ಪ್ರತಿ ಸಂಜೆ ಊಟಕ್ಕೆ ಮುಂಚೆ ಪುಸ್ತಕದ ಪುಟಗಳ ಚಿತ್ರ ತೆಗೆದು, ಅಂಕಿಗಳನ್ನು ಎಕ್ಸೆಲ್ ಹಾಳೆಗೆ ಏರಿಸಿ. ಒಬ್ಬರು ಓದಬೇಕು, ಒಬ್ಬರು ತುಂಬಬೇಕು, ಮೂರನೆಯವರು ಪುಸ್ತಕದೊಡನೆ ತಾಳೆ ನೋಡಬೇಕು. ಒಂದು ಸಾಲಿಗೆ ಒಂದೇ ಅಳತೆ, ಅಂಕಿಯ ಕೋಶದಲ್ಲಿ ಅಕ್ಷರ ಬೇಡ, ಅಳತೆಯ ಏಕಮಾನವನ್ನು ಕಾಲಂ ಹೆಸರಿನಲ್ಲಿ ಬರೆಯಿರಿ. ಜಾಗಗಳನ್ನು ನಕಾಶೆಯ ಮೇಲೆ ಹಾಕಿ ನೋಡಿದರೆ ಹೊಲದಲ್ಲಿರಬೇಕಾದ ಬಿಂದು ನದಿಯ ನಡುವೆ ಕುಳಿತಿರುವುದು ಅಂದೇ ಗೊತ್ತಾಗುತ್ತದೆ, ಮರುದಿನ ಹೋಗಿ ಸರಿಪಡಿಸಬಹುದು.

ಕೊನೆಯ ಹಿಂದಿನ ದಿನ ತಂಡಗಳು ಪುಸ್ತಕಗಳನ್ನು ಅದಲುಬದಲು ಮಾಡಿಕೊಳ್ಳಲಿ. ಬರೆದವರು ಶಿಬಿರದಲ್ಲೇ ಉಳಿದು, ಇನ್ನೊಂದು ತಂಡ ಪುಸ್ತಕವನ್ನಷ್ಟೇ ಹಿಡಿದು ಆ ಚೌಕ, ಆ ಮಣ್ಣಿನ ತಗ್ಗು, ಆ ದಂಡೆಯನ್ನು ಹುಡುಕಿ ಅದೇ ಹೊತ್ತಿಗೆ ಅದೇ ವಿಧಾನದಲ್ಲಿ ಮರು ಅಳೆಯಬೇಕು. ಫೋನ್ ಮಾಡಿ ಕೇಳುವಂತಿಲ್ಲ. ಜಾಗ ಸಿಗದಿದ್ದರೆ ಹಂತ 3ಕ್ಕೆ, ಜಾಗ ಸಿಕ್ಕಿ ಹೇಗೆ ಅಳೆದರೆಂದು ತಿಳಿಯದಿದ್ದರೆ ಹಂತ 4ಕ್ಕೆ, ಎರಡೂ ಸಿಕ್ಕಿ ಅಂಕಿ ದೂರ ಬಿದ್ದರೆ ಉಪಕರಣ ಹೊಂದಿಸಿದ ಹೊತ್ತು ಮತ್ತು ಹವೆಯ ಟಿಪ್ಪಣಿಗೆ ಮರಳಿ ಕಾರಣ ಹುಡುಕಿ. ಮರ, ಬಂಡೆ, ಮಣ್ಣಿನ ಅಂಕಿಗಳು ಹತ್ತಿರ ಬರಬೇಕು; ನೀರು ಮತ್ತು ಹಕ್ಕಿಗಳ ಅಂಕಿ ಬದಲಾಗಿದ್ದರೆ ಅದು ತಪ್ಪೇ ಆಗಿರಬೇಕೆಂದಿಲ್ಲ, ಹವೆ ಮತ್ತು ಹರಿವಿನ ಟಿಪ್ಪಣಿ ನೋಡಿ ನಿರ್ಧರಿಸಿ.

ಊರಿಗೆ ಮರಳಿದ ಒಂದು ವಾರದೊಳಗೆ ಮಣ್ಣಿನ ಮಾದರಿಯನ್ನು ನೆರಳಿನಲ್ಲಿ ಒಣಗಿಸಿ ಪರೀಕ್ಷೆಗೆ ಕೊಡಿ, ಗುರುತಿಸದೆ ಉಳಿದ ‘ಅ’ ಗಿಡಗಳನ್ನು ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ತೋರಿಸಿ, ಹೊಲದ ಫಲಿತಾಂಶದ ಒಂದು ಪ್ರತಿಯನ್ನು ಕನ್ನಡದಲ್ಲಿ ಬರೆದು ಹೊಲದ ಯಜಮಾನರಿಗೆ ತಲುಪಿಸಿ. ಮುಂದಿನ ವರ್ಷ ಅದೇ ತಿಂಗಳಲ್ಲಿ ಅದೇ ಚೌಕಗಳನ್ನು ಅಳೆಯಲು ಯಾರು ಬರುತ್ತಾರೆಂದು ತಂಡ ಚದುರುವ ಮೊದಲೇ ಹೆಸರು ಬರೆಸಿಕೊಂಡು, ಮೂಲ ಪುಸ್ತಕವನ್ನು ಅವರ ಕೈಗೆ ಒಪ್ಪಿಸಿ.